ಯಾರ ಕಡೆಯವರು

ನನ್ನ ರೆಪ್ಪೆಗಳು ಜೋತುಬಿದ್ದು ನಾಲ್ಕೈದು ವರ್ಷವಾಗಿರಬೇಕು. ಇರಬೇಕು ಅನ್ನುತ್ತೇನೆ, ಏಕೆಂದರೆ ಅದು ಯಾವಾಗ ಶುರುವಾಯಿತೆಂದು ಹೇಳುವವರು ಯಾರೂ ಇಲ್ಲ. ನನ್ನ ಮುಖವನ್ನು ದಿನಾ ನೋಡುವವನು ನಾನೊಬ್ಬನೇ, ಅದೂ ಗಡ್ಡ ಹೆರೆದುಕೊಳ್ಳುವಾಗ. ಆಗ ಕೆನ್ನೆಯ ಮೇಲೆ ಗಮನ ಇರುತ್ತದೆಯೇ ಹೊರತು ಕಣ್ಣಿನ ಮೇಲಲ್ಲ.

ಬೇರೆಯವರು ನೋಡಿದ್ದು ಬೇರೆ ರೀತಿ. ಸರ್ಕಾರಿ ಕಚೇರಿಯೊಂದರ ಟಪಾಲು ವಿಭಾಗದಲ್ಲಿ ನನ್ನ ಕೆಲಸ. ಅರ್ಜಿ ಹಿಡಿದು ಬಂದವರು ಕಿಟಕಿಯಾಚೆ ನಿಂತು, "ಸಾರ್, ಎದ್ದೇಳಿ ಸಾರ್" ಅನ್ನುತ್ತಿದ್ದರು. ನಾನು ಎಚ್ಚರವಾಗಿಯೇ ಇರುತ್ತಿದ್ದೆ, ಅವರ ಅರ್ಜಿಯನ್ನೇ ಓದುತ್ತಿರುತ್ತಿದ್ದೆ. ರೆಪ್ಪೆ ಅರ್ಧಕ್ಕೆ ಇಳಿದಿರುವುದರಿಂದ ಎದುರಿನವರ ಮುಖ ಕಾಣಬೇಕಾದರೆ ಗದ್ದ ಮೇಲೆತ್ತಬೇಕು. ಎತ್ತಿದರೆ "ಏನು ಧಿಮಾಕು ನೋಡು ಇವನಿಗೆ." ಎತ್ತದಿದ್ದರೆ ನಿದ್ದೆಬುರುಕ. ದಿನವಿಡೀ ಹುಬ್ಬು ಎತ್ತಿ ಎತ್ತಿ ಸಂಜೆಯ ಹೊತ್ತಿಗೆ ಹಣೆ ಸಿಡಿಯುತ್ತಿತ್ತು. ಒಂದು ದಿನ ಮನೆಗೆ ಬರುವಾಗ ಸಿಗ್ನಲ್ಲಿನ ಕೆಂಪು ದೀಪವೇ ಕಾಣದೆ ಸ್ಕೂಟರ್ ನುಗ್ಗಿಸಿದೆ. ಆಟೋದವನೊಬ್ಬ ನನ್ನ ವಂಶವನ್ನೆಲ್ಲ ನಡುರಸ್ತೆಗೆ ಎಳೆದು ಬೈದ. ಅವತ್ತಿಗೆ ಸ್ಕೂಟರ್ ಬಿಟ್ಟೆ, ಮಾರನೆಯ ವಾರ ಕಣ್ಣಿನ ಡಾಕ್ಟರ ಹತ್ತಿರ ಹೋದೆ.

ಡಾಕ್ಟರ್ ಗಾರ್ಗಿ ಚಿಕ್ಕ ವಯಸ್ಸಿನವರು, ಮಾತು ಚುರುಕು. ನುಂಗಲು ಕಷ್ಟವಾಗುತ್ತದೆಯೇ, ಒಂದು ಎರಡಾಗಿ ಕಾಣುತ್ತದೆಯೇ, ಬೆಳಗ್ಗೆ ಸರಿಯಿದ್ದು ಸಂಜೆಗೆ ಜಾಸ್ತಿ ಇಳಿಯುತ್ತದೆಯೇ ಎಂದೆಲ್ಲ ಕೇಳಿದರು. ಟಾರ್ಚು ಬಿಟ್ಟು ಎರಡೂ ಕಣ್ಣು ನೋಡಿದರು. ಸ್ಕೇಲು ಹಿಡಿದು ರೆಪ್ಪೆ ಅಳೆದರು.

"ನರದ ತೊಂದ್ರೆ ಏನಿಲ್ಲ ಸಾರ್. ರೆಪ್ಪೆ ಎತ್ತೋಕೆ ಒಂದು ಸ್ನಾಯು ಇರುತ್ತೆ. ಅದು ರೆಪ್ಪೆಗೆ ಅಂಟಿಕೊಂಡಿರೋ ಜಾಗ ವಯಸ್ಸಾದ ಹಾಗೆ ಸಡಿಲ ಆಗುತ್ತೆ. ಕಣ್ಣುಜ್ಜೋ ಅಭ್ಯಾಸ ಇದ್ರಂತೂ ಇನ್ನೂ ಬೇಗ. ಎಳೆದು ಹೊಲಿದ್ರೆ ಸರಿಹೋಗುತ್ತೆ."

ಚಡ್ಡಿಯ ಎಲಾಸ್ಟಿಕ್ ಸಡಿಲವಾದ ಹಾಗೆ ಅಂದುಕೊಂಡೆ. ಮನಸ್ಸಿಗೆ ಎಷ್ಟೋ ಹಗುರವಾಯಿತು.

"ಹಳೇ ಫೋಟೋ ಒಂದು ತನ್ನಿ. ಮೊದ್ಲು ಕಣ್ಣು ಎಷ್ಟು ತೆರೀತಿತ್ತು ಅಂತ ನೋಡ್ಬೇಕು. ಮದುವೆ ಫೋಟೋ ಆದ್ರೂ ಆಗುತ್ತೆ."

"ಮದುವೆ ಆಗಿಲ್ಲ ಡಾಕ್ಟ್ರೇ."

"ಯಾವ್ದಾದ್ರೂ ಸರಿ." ಅವರು ಬರೆಯುತ್ತಲೇ ಮುಂದುವರಿಸಿದರು. "ಇನ್ನೊಂದು ಮುಖ್ಯ. ಕೆಲವರಿಗೆ ನಿದ್ದೇಲಿ ಕಣ್ಣು ಪೂರ್ತಿ ಮುಚ್ಚಲ್ಲ. ನಿಮ್ಮ ಕಣ್ಣಿನ ಕೆಳಭಾಗ ಒಣಗಿರೋದು ನೋಡಿದ್ರೆ ನನಗೆ ಅದೇ ಅನುಮಾನ. ಹಾಗಿದ್ದು, ನಾನು ರೆಪ್ಪೆ ಜಾಸ್ತಿ ಎತ್ತಿಬಿಟ್ರೆ ಮಲಗಿದಾಗ ಕಣ್ಣು ತೆರೆದೇ ಇದ್ದು ಹುಣ್ಣಾಗುತ್ತೆ. ದೃಷ್ಟಿಗೇ ಕುತ್ತು. ನೀವು ಮಲಗಿರೋವಾಗ ಒಂದ್ಸಲ ನೋಡೋಕೆ ಮನೆಯವರಿಗೆ ಹೇಳಿ. ಅದು ಗೊತ್ತಾಗದೆ ನಾನು ಆಪರೇಷನ್ ಮಾಡಲ್ಲ."

ಹೂಂ ಅಂದು ಎದ್ದು ಬಂದೆ. ಇಲ್ಲ ಅನ್ನಲು ನಾಚಿಕೆಯಾಯಿತು. ಮದುವೆಯಾಗಿಲ್ಲ ಅನ್ನುವುದನ್ನು ಐವತ್ತು ದಾಟಿದ ಮೇಲೆ ಯಾರ ಮುಂದೆ ಬೇಕಾದರೂ ಹೇಳಬಹುದು. ನಾನು ಮಲಗಿದ್ದನ್ನು ನೋಡುವವರು ಒಬ್ಬರೂ ಇಲ್ಲ ಅನ್ನುವುದನ್ನು ಹೇಳುವುದು ಬೇರೆ.

ಮೊದಲು ಮೊಬೈಲನ್ನು ಸ್ಟೂಲಿನ ಮೇಲೆ ನಿಲ್ಲಿಸಿ ವಿಡಿಯೋ ಹಾಕಿ ಮಲಗಿದೆ. ದೀಪ ಇದ್ದರೆ ನಿದ್ದೆ ಬರಲಿಲ್ಲ, ಆರಿಸಿದರೆ ಬರೀ ಕತ್ತಲೆಯ ವಿಡಿಯೋ. ನನ್ನ ಗೊರಕೆ ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು. ಅದನ್ನೂ ನಾನು ಮೊದಲ ಸಲ ಕೇಳಿದ್ದು. ಆಮೇಲೆ ಕೆಳಗಿನ ಮನೆಯ ಪುಟ್ಟಣ್ಣನವರನ್ನು ಕೇಳೋಣವೆಂದು ಮೆಟ್ಟಿಲಿಳಿದೆ. ನಜರ್‌ಬಾದಿನ ಆ ಮನೆಯಲ್ಲಿ ಅವರು ಮಾಲೀಕರು, ನಾನು ಮಹಡಿಯ ಬಾಡಿಗೆದಾರ. ಬಾಗಿಲು ತೆರೆದು, "ಏನ್ ಯೋಗೇಂದ್ರ ಅವ್ರೇ?" ಅಂದರು. ಸ್ವಲ್ಪ ಮೇಲೆ ಬಂದು ನಾನು ನಿದ್ದೆ ಮಾಡುವುದನ್ನು ನೋಡಿ ಎಂದು ಒಬ್ಬ ಗಂಡಸು ಇನ್ನೊಬ್ಬ ಗಂಡಸಿಗೆ ಹೇಗೆ ಹೇಳುವುದು! "ಟ್ಯಾಂಕಿಗೆ ನೀರು ಬಿಟ್ರಾ?" ಅಂತ ಕೇಳಿ ವಾಪಸು ಬಂದೆ.

ಅಮ್ಮ ಇದ್ದಿದ್ದರೆ ಅವಳಿಗೆ ಗೊತ್ತಿರುತ್ತಿತ್ತು. ಅವಳು ಹೋದಮೇಲೆ ಅಡುಗೆ, ಬಟ್ಟೆ, ಔಷಧಿ, ಎಲ್ಲವನ್ನೂ ನಾನೇ ನಿಭಾಯಿಸಿಕೊಂಡೆ ಎಂದು ಬೀಗುತ್ತಿದ್ದೆ. ನನ್ನ ಬಗ್ಗೆ ನನಗೇ ತಿಳಿಯದ ಇಂಥ ಸಂಗತಿಗಳೂ ಅವಳ ಜೊತೆಯಲ್ಲೇ ಹೋಗಿದ್ದವು. ಆ ದಿನ ಬಹಳ ಅತ್ತೆ. ಅಳುವುದಕ್ಕೆ ರೆಪ್ಪೆ ಏನೂ ಅಡ್ಡಿ ಮಾಡುವುದಿಲ್ಲ.

ಅಷ್ಟರಲ್ಲಿ ಕಚೇರಿಯ ಕೃಷ್ಣಪ್ಪನವರು ಮಗಳು ಗಗನಳ ಮದುವೆಯ ಪತ್ರಿಕೆ ತಂದು ಮೇಜಿನ ಮೇಲಿಟ್ಟರು. "ರಿಸೆಪ್ಷನ್‌ಗೆ ಬಂದು ಕೈ ಕುಲುಕಿ ಓಡೋಗೋದಲ್ಲ. ಮುಹೂರ್ತಕ್ಕೇ ಬಂದ್ಬುಡಿ, ಊಟ ಮಾಡ್ಕೊಂಡು ನಿಧಾನಕ್ಕೆ ಹೋಗೀರಂತೆ" ಅಂದರು. ಎಲ್ಲರಿಗೂ ಅದನ್ನೇ ಹೇಳಿದ್ದರು. ನನಗೆ ಮಾತ್ರ ತಲೆಯಲ್ಲಿ ಏನೋ ಹೊಳೆಯಿತು. ಮದುವೆ ಊಟದ ಮೇಲೆ ಕಲ್ಯಾಣಮಂಟಪದ ಮಹಡಿಯಲ್ಲಿ ಜಮಖಾನ ಹಾಸಿ ಹಳ್ಳಿಯಿಂದ ಬಂದ ನೆಂಟರೆಲ್ಲ ಸಾಲಾಗಿ ಮಲಗುತ್ತಾರಲ್ಲ, ಅಲ್ಲಿ ನಾನೂ ಒಂದು ಕಡೆ ಮಲಗಿದರೆ? ಪಕ್ಕದಲ್ಲಿ ಎಚ್ಚರವಿರುವ ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ. ಎದ್ದಮೇಲೆ ಹಗುರವಾಗಿ ಕೇಳಿದರಾಯಿತು.

ರಾಜೀವನಗರದ ಮಂಟಪ. ಧಾರೆ ಮುಗಿಯಿತು, ಅಕ್ಷತೆ ಹಾಕಿದೆ, ಹೋಳಿಗೆಗೆ ಎರಡು ಸಲ ತುಪ್ಪ ಹಾಕಿಸಿಕೊಂಡೆ. ಕಚೇರಿಯವರೆಲ್ಲ ತಾಂಬೂಲದ ಚೀಲ ಹಿಡಿದು ಹೊರಟರು. ನಾನು ಕಳ್ಳನಂತೆ ಮಹಡಿ ಹತ್ತಿದೆ.

ಅಂದುಕೊಂಡ ಹಾಗೇ ಇತ್ತು. ಉದ್ದಕ್ಕೂ ಜನ ಮಲಗಿದ್ದರು. ಯಾರದೋ ಕಾಲ ಮೇಲೆ ಯಾರದೋ ಮಗು. ಬಾಗಿಲ ಬಳಿಯ ಹೆಂಗಸೊಬ್ಬಳು ನನ್ನನ್ನು ನೋಡಿ, "ಗಂಡಿನ ಕಡೆಯೋರಾ? ಬನ್ನಿ, ಆ ಗೋಡೆ ಪಕ್ಕ ಜಾಗ ಐತೆ" ಅಂದಳು. ಗೋಡೆ ಪಕ್ಕ ಕುಳಿತಿದ್ದ ಮುದುಕಿ, "ಎಣ್ಣಿನ್ ಕಡೆಯೋರೇನಪ್ಪ? ಮಲಿಕ್ಕಳಿ" ಎಂದು ತನ್ನ ಚೀಲ ಸರಿಸಿಕೊಂಡಳು. ಎರಡಕ್ಕೂ ತಲೆಯಾಡಿಸಿದೆ. ಮಲಗಿ ಕಣ್ಣು ಮುಚ್ಚಿದೆ. ಸುತ್ತ ಉಸಿರಾಟ, ಬಳೆಯ ಸದ್ದು, ಪಿಸುಮಾತು. ಇಷ್ಟು ಜನರ ನಡುವೆ ಮಲಗಿ ಎಷ್ಟು ಕಾಲವಾಗಿತ್ತು! ನಾಟಕ ಮಾಡಲು ಹೋದವನಿಗೆ ನಿಜವಾಗಿಯೇ ಗಾಢ ನಿದ್ದೆ ಬಂತು.

ಎಚ್ಚರವಾದಾಗ ಏನೂ ಕಾಣಲಿಲ್ಲ. ಕಣ್ಣಿನ ಮೇಲೆ ತಣ್ಣಗೆ ಏನೋ ಇತ್ತು. ಗಾಬರಿಯಿಂದ ತೆಗೆದು ನೋಡಿದರೆ ಹಸಿರು ರವಿಕೆ ಬಟ್ಟೆ, ನೀರಿನಲ್ಲಿ ನೆನೆಸಿ ಮಡಿಸಿದ್ದು. ಮಹಡಿ ಖಾಲಿಯಾಗಿತ್ತು. ಜಮಖಾನಗಳನ್ನೂ ಸುತ್ತಿಟ್ಟಿದ್ದರು, ನಾನು ಮಲಗಿದ್ದೊಂದನ್ನು ಬಿಟ್ಟು. ಪಕ್ಕದಲ್ಲಿ ಆ ಮುದುಕಿ ಮದುವೆ ಪತ್ರಿಕೆಯಿಂದ ನನಗೆ ಗಾಳಿ ಬೀಸುತ್ತ ಕುಳಿತಿದ್ದಳು.

"ಎದರ್‌ಬ್ಯಾಡ ಕಣಪ್ಪ, ನಾನೇ ಆಕಿದ್ದು. ತಾಂಬೂಲದಲ್ಲಿ ಕೊಟ್ಟಿದ್ ಬಟ್ಟೆ. ನಿನ್ ಕಣ್ಣು ಮುಚ್ಚೇ ಇರ್ನಿಲ್ಲ. ಬಿಳಿ ಗುಡ್ಡೆ ಕಾಣ್ತಿತ್ತು. ನಂಗೆ ಎದೆ ಧಸಕ್ ಅಂತು. ಮೂಗಿನ್ ಅತ್ರ ಬೆರಳಿಟ್ಟು ನೋಡ್ದೆ, ಉಸ್ರು ಆಡ್ತಿತ್ತು. ಸರಿ, ಧೂಳು ಬೀಳ್ತದಲ್ಲ ಅಂತ ಬಟ್ಟೆ ನೆನ್ಸಿ ಮುಚ್ದೆ."

ಎದ್ದು ಕುಳಿತೆ. "ಎಷ್ಟು ತೆರೆದಿತ್ತಮ್ಮ?"

"ಒಂದ್ ಅಕ್ಕಿಕಾಳಿನಷ್ಟು. ಎರಡೂ ಕಣ್ಣೂ ಅಂಗೇ." ಅಂದು ಬೆರಳಿನಲ್ಲಿ ಅಳತೆ ತೋರಿಸಿದಳು. "ಎಣ್ಣಿನ್ ಕಡೆಯೋರ್ನ ಕರ್ದು, ನೋಡ್ರವ್ವ ನಿಮ್ಮೋರು ಕಣ್ಣು ಬುಟ್ಕೊಂಡೇ ಮಲಗವ್ರೆ ಅಂದೆ. ನಮ್ಮೋರಲ್ಲ, ನಿಮ್ ಕಡೆಯೋರೇ ಅಂದ್ರು. ನಮ್ಮೋರ್ನೆಲ್ಲ ಕೇಳ್ದೆ, ಯಾರ್ಗೂ ಗೊತ್ತಿಲ್ಲ. ಯಾರ ಕಡೆಯೋರಪ್ಪ ನೀನು?"

ಕೃಷ್ಣಪ್ಪನವರ ಕಚೇರಿಯವನು ಅನ್ನಬಹುದಿತ್ತು. ಒದ್ದೆ ಬಟ್ಟೆಯ ಮಡಿಕೆ ಸರಿಮಾಡತೊಡಗಿದೆ. ಕೆಳಗೆ ಬಸ್ಸು ಹಾರನ್ ಹೊಡೆಯುತ್ತಿತ್ತು. ಯಾರೋ ಮೆಟ್ಟಿಲ ಬುಡದಿಂದ ಕೂಗಿದರು. "ತಿಮ್ಮಮ್ಮಾ! ಎಷ್ಟೊತ್ತು ಕಾಯೋದು? ಎಲ್ಲಾ ಬಸ್ ಅತ್ತಿ ಕೂತವ್ರೆ, ಬಂದ್ಬುಡು!"

"ಬಂದೆ ಕಣ್ರೋ!" ಮೊಣಕಾಲು ಹಿಡಿದು ಅವಳು ಎದ್ದಳು.

"ನನಗೋಸ್ಕರ ಕೂತಿದ್ರಾ ಅಮ್ಮ?"

"ಇನ್ನೇನು ಮತ್ತೆ. ಕಣ್ಣು ಬುಟ್ಕೊಂಡ್ ಮಲಗಿರೋರ್ನ ಒಬ್ರನ್ನೇ ಬುಟ್ಟೋಗಕೆ ಮನ್ಸು ಬರ್ನಿಲ್ಲ. ಮನೇಲಿ ಯಾರೂ ಏಳಿಲ್ವಾ ನಿಂಗೆ, ಇಂಗೆ ಮಲಗ್ತೀಯ ಅಂತ?"

"ಮನೇಲಿ ಯಾರೂ ಇಲ್ಲ ಅಮ್ಮ."

ಒದ್ದೆ ಬಟ್ಟೆ ವಾಪಸು ಕೊಡಲು ಹೋದೆ. "ಇಟ್ಕೊಳಪ್ಪ. ಮಲಗೋವಾಗ ಮುಚ್ಕೊ" ಎಂದು ನನ್ನ ಕೈಗೇ ಒತ್ತಿ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದಳು. ನಾನು ಕಿಟಕಿಗೆ ಹೋಗುವಷ್ಟರಲ್ಲಿ ಬಸ್ಸು ತಿರುಗಿಕೊಂಡಿತ್ತು.

ಮಾರನೆಯ ವಾರ ಡಾಕ್ಟರ ಮುಂದೆ ಕುಳಿತು ಬೆರಳಿನಲ್ಲಿ ಅಕ್ಕಿಕಾಳಿನ ಅಳತೆ ತೋರಿಸಿದೆ. ಅವರು ತಲೆಯಾಡಿಸಿ ಬರೆದುಕೊಂಡರು.

"ಒಳ್ಳೇದಾಯ್ತು ಸಾರ್, ಈಗಲೇ ಗೊತ್ತಾಯ್ತು. ಹಾಗಾದ್ರೆ ಪೂರ್ತಿ ಎತ್ತೋದು ಬೇಡ, ಎದುರಿನವರ ಮುಖ ಕಾಣೋಷ್ಟು ಎತ್ತೋಣ. ಯಾರು ನೋಡಿದ್ರು?"

"ನಮ್ಮ ಕಡೆಯವರೊಬ್ಬರು."

ಆ ಮಾತು ತಾನಾಗಿಯೇ ಬಂತು. ಹೇಳಿದ ಮೇಲೆ ನನಗೇ ಹಿತವಾಯಿತು, ಇನ್ನೊಂದು ಸಲ ಕೇಳಲಿ ಅನ್ನಿಸಿತು.

"ಚೆನ್ನಾಗಿ ಗಮನಿಸಿದಾರೆ. ಆಪರೇಷನ್ ಆದಮೇಲೆ ಒಂದು ವಾರ ನಿಮ್ಮ ಜೊತೆ ಒಬ್ರು ಇರ್ಲೇಬೇಕು. ಮಲಗೋ ಮುಂಚೆ ಮುಲಾಮು ಹಚ್ಚಿ, ಮಧ್ಯೆ ಎದ್ದು ಕಣ್ಣು ಮುಚ್ಚಿದೆಯಾ ಅಂತ ನೋಡ್ಬೇಕು. ಅವರನ್ನೇ ಕರೆಸಿಕೊಳ್ಳಿ. ಬರ್ತಾರಲ್ಲ?"

ಅವಳ ಊರು ಯಾವುದೆಂದು ನಾನು ಕೇಳಿರಲಿಲ್ಲ. ಕೃಷ್ಣಪ್ಪನವರನ್ನು ಕೇಳಿದರೆ ಬೀಗರಿಂದ ತಿಳಿದು ಹೇಳಿಯಾರು, ಆದರೆ ಏನೆಂದು ಕೇಳುವುದು? ಡಾಕ್ಟರು ಪೆನ್ನು ಹಿಡಿದು ಕಾಯುತ್ತಿದ್ದರು. ಗದ್ದ ಮೇಲೆತ್ತಿ ಅವರ ಮುಖ ನೋಡಿದೆ.

"ಬರ್ತಾರೆ ಡಾಕ್ಟ್ರೇ," ಅಂದೆ. "ಹೇಳಿ ಕಳಿಸ್ತೀನಿ."