ಆಹ್ವಾನಿಸಿದವರ ಪೂರ್ಣ ಹೆಸರು

ಭೂಗೋಳದ ಮೇಷ್ಟ್ರು ಮೂವತ್ತೆರಡು ವರ್ಷ ಪಾಠ ಹೇಳಿ ನಿವೃತ್ತರಾದವರು. ಪ್ರಪಂಚದ ನದಿಗಳೆಲ್ಲ ಅವರ ನಾಲಿಗೆಯ ತುದಿಯಲ್ಲಿದ್ದವು. ಆದರೆ ಅವರು ಸ್ವತಃ ದಾಟಿದ ಅತಿ ದೊಡ್ಡ ನೀರೆಂದರೆ ಹೆಂಡತಿಯ ತವರಿನ ದಾರಿಯಲ್ಲಿರುವ ಸೇತುವೆಯ ಕೆಳಗಿನದು. ಅಂಥವರಿಗೆ ಅರವತ್ತೈದನೇ ವಯಸ್ಸಿನಲ್ಲಿ ವಿದೇಶಕ್ಕೆ ಹೋಗುವ ಯೋಗ ಕೂಡಿ ಬಂತು. ಅದೂ ಎಲ್ಲಿಗೆ? ಪಶ್ಚಿಮ ಆಫ್ರಿಕಾದ ಕಡಲಂಚಿನ ಒಂದು ದೇಶಕ್ಕೆ. ಕರೆದವನು ಹಳೆಯ ಶಿಷ್ಯ. ಅಲ್ಲಿನ ಬಂದರಿನಲ್ಲಿ ಹಡಗಿನ ಎಂಜಿನ್ ರಿಪೇರಿ ಮಾಡುತ್ತಾನೆ. ಹೆಂಡತಿ ಅಲ್ಲಿಯವಳೇ, ಒಬ್ಬಳು ಮಗಳು. ಮೇಷ್ಟ್ರೂ ಅವರ ಹೆಂಡತಿಯೂ ಬಂದು ತಿಂಗಳಾದರೂ ಇರಲೇಬೇಕೆಂದು ಪಟ್ಟು ಹಿಡಿದಿದ್ದ.

ಮೊದಲ ಸಲ ಫೋನ್ ಮಾಡಿದಾಗ ಅವನು, “ಮೇಷ್ಟ್ರೇ, ನಾನು ಆಫ್ರಿಕಾ. ಗುರುತು ಸಿಕ್ತಾ?” ಎಂದಿದ್ದ.

ಸಿಗದೆ ಏನು! ಮೇಷ್ಟ್ರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಎಂಟನೇ ತರಗತಿಯಲ್ಲಿ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಕಪ್ಪು ಹುಡುಗ. ಆ ಹೆಸರಿಟ್ಟವರು ಅವರೇ. ಆಫ್ರಿಕಾ ಖಂಡದ ಪಾಠ ಶುರುವಾದ ದಿನ ನಕಾಶೆ ತರುವುದನ್ನು ಮರೆತು, ಅವನನ್ನು ಎಬ್ಬಿಸಿ ಬೋರ್ಡಿನ ಮುಂದೆ ನಿಲ್ಲಿಸಿ, ನಕಾಶೆ ಯಾಕೆ, ಇವನೇ ಇದ್ದಾನಲ್ಲ ಎಂದಿದ್ದರು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತ್ತು. ಅವತ್ತಿನಿಂದ ಅವನು ಶಾಲೆಗೆಲ್ಲ ಆಫ್ರಿಕಾ. ಈಗ ಅವನು ಹೋಗಿ ನೆಲೆ ನಿಂತದ್ದೂ ಅಲ್ಲಿಯೇ ಎಂದಮೇಲೆ ಕೇಳಬೇಕೆ? ತಮ್ಮ ಬಾಯಲ್ಲಿ ಬಂದದ್ದು ಹೇಗೆ ನಿಜವಾಯಿತು ನೋಡಿ ಎಂದು ಮೇಷ್ಟ್ರು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದರು.

ತಯಾರಿಯೂ ಹಾಗೇ ನಡೆಯಿತು. ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು, ಅದರ ಹಳದಿ ಕಾರ್ಡನ್ನು ಪಾಸ್‌ಪೋರ್ಟಿಗಿಂತ ಹೆಚ್ಚು ಜನಕ್ಕೆ ತೋರಿಸಿದರು. ಕ್ಷೌರದವನ ಕತ್ತರಿ ಕಿವಿಯ ಪಕ್ಕದಲ್ಲಿರುವಾಗಲೇ ತಲೆಯಾಡಿಸಿಕೊಂಡು ಅಲ್ಲಿನ ಮಳೆಗಾಲದ ಲೆಕ್ಕ ಒಪ್ಪಿಸಿದರು. ಹೆಂಡತಿ ಸೂಟ್‌ಕೇಸನ್ನು ತುಂಬಿದಳು, ತೂಗಿದಳು, ಖಾಲಿ ಮಾಡಿ ಮತ್ತೆ ತುಂಬಿದಳು. ಅವಳ ಮಂಡಿನೋವೂ ಆ ವಾರ ಎಲ್ಲೋ ಮಾಯವಾಗಿತ್ತು.

ಮಂಗಳವಾರ ಬೆಳಿಗ್ಗೆ ಮೇಷ್ಟ್ರು ಕನ್ನಡಕ ಏರಿಸಿ ವೀಸಾ ಫಾರಂ ತುಂಬಲು ಕೂತರು. ಹದಿಮೂರು ಕಾಲಂಗಳು ಸಲೀಸಾಗಿ ಮುಗಿದವು. ಹದಿನಾಲ್ಕನೆಯದು: ಆಹ್ವಾನಿಸಿದವರ ಪೂರ್ಣ ಹೆಸರು. ಅಕ್ಷರಕ್ಕೊಂದರಂತೆ ಸಾಲಾಗಿ ಚೌಕಗಳು. ಪೆನ್ನು ಅಲ್ಲೇ ನಿಂತಿತು.

ಫೋನ್ ತೆಗೆದು ನೋಡಿದರು. ಆಫ್ರಿಕಾ ಎಂದೇ ಇತ್ತು. ಅವನು ಕಳಿಸಿದ ವಿಳಾಸ ನೋಡಿದರು. ಮನೆ ನಂಬರು, ಬೀದಿ, ಊರು ಎಲ್ಲ ಇದ್ದವು, ಹೆಸರಿರಲಿಲ್ಲ. ಮೇಷ್ಟ್ರಿಗೆ ತನ್ನ ಹೆಸರು ಗೊತ್ತಿಲ್ಲದೆ ಇರುತ್ತದೆಯೇ ಎಂದು ಅವನು ಬರೆಯದೆ ಬಿಟ್ಟಿರಬೇಕು. ತಲೆ ಕೆರೆದುಕೊಂಡರೆ ನೆನಪಿಗೆ ಬಂದದ್ದು ಹತ್ತೊಂಬತ್ತು ಎಂಬ ಸಂಖ್ಯೆ ಮಾತ್ರ. ಹೊತ್ತು ಉಳಿಯಲಿ ಎಂದು ಹಾಜರಿಯನ್ನು ಅವರು ಯಾವಾಗಲೂ ನಂಬರಿನಲ್ಲೇ ಕೂಗುತ್ತಿದ್ದರು.

“ಏನ್ರೀ, ಇನ್ನೂ ಅದೇ ಪುಟದಲ್ಲಿದ್ದೀರಲ್ಲ?” ಎಂದಳು ಹೆಂಡತಿ.

ಸ್ಪೆಲಿಂಗ್ ವಿಚಾರಿಸಬೇಕು ಎಂದು ಸುಳ್ಳು ಹೇಳಿ ಮೇಷ್ಟ್ರು ಚಪ್ಪಲಿ ಮೆಟ್ಟಿದರು.

ನೇರ ಹೋದದ್ದು ಶಾಲೆಗೆ. ಹಳೆಯ ದಾಖಲಾತಿ ಪುಸ್ತಕಗಳೆಲ್ಲ ಮೇಲಿನ ಕಚೇರಿಗೆ ಹೋಗಿ ವರ್ಷಗಳಾದವು ಎಂದ ಗುಮಾಸ್ತ. ಹುಡುಕಿಸಬೇಕೆಂದರೆ ಒಂದು ಅರ್ಜಿ ಕೊಡಬೇಕಂತೆ, ಅರ್ಜಿಯಲ್ಲಿ ವಿದ್ಯಾರ್ಥಿಯ ಹೆಸರು ಬರೆಯಬೇಕಂತೆ. ಅಲ್ಲೇ ಕಾರಿಡಾರಿನಲ್ಲಿ ನಿಂತು ಮೇಷ್ಟ್ರು ಮೂವರು ಹಳೆಯ ಶಿಷ್ಯರಿಗೆ ಫೋನ್ ಹಚ್ಚಿದರು. ಮೂವರಿಗೂ ಹುಡುಗ ಚೆನ್ನಾಗಿ ನೆನಪಿದ್ದ, ಒಬ್ಬನಿಗೂ ಹೆಸರು ನೆನಪಿರಲಿಲ್ಲ. ಕೊನೆಯವನಂತೂ, ನೀವೇ ಇಟ್ಟ ಹೆಸರು, ನಿಮಗೇ ಗೊತ್ತಿಲ್ವಾ ಮೇಷ್ಟ್ರೇ, ಎಂದು ನಕ್ಕ. ಆ ನಗು ಹಿಂದೆ ಎಷ್ಟೋ ಸಲ ಕೇಳಿದ ನಗುವೇ. ಇವತ್ತು ಕಿವಿಗೆ ಕಹಿಯಾಯಿತು.

ಗುಮಾಸ್ತನಿಗೆ ಆಗ ಏನೋ ಹೊಳೆದು, ಆ ವರ್ಷದ ಗ್ರೂಪ್ ಫೋಟೋ ಲೈಬ್ರರಿ ಗೋಡೆಯ ಮೇಲಿದೆ, ಕೆಳಗೆ ಎಲ್ಲರ ಹೆಸರೂ ಇದೆ ಎಂದ. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಬೇಗ ಬೇಗ ಹೋಗಿ ಗಾಜಿನ ಧೂಳನ್ನು ಕರವಸ್ತ್ರದಿಂದ ಒರೆಸಿದರು. ಮೂರನೇ ಸಾಲಿನ ತುದಿಯಲ್ಲಿ ಅವನಿದ್ದ, ಅಂಗಿಯ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡು, ಬಾಯಿ ಬಿಗಿದು ನಿಂತಿದ್ದ. ಕೆಳಗೆ ನಲವತ್ತೊಂದು ಹೆಸರುಗಳು, ದುಂಡಗಿನ ಅಕ್ಷರ, ಮೇಷ್ಟ್ರದೇ ಕೈಬರಹ. ನಲವತ್ತು ಹೆಸರು ಅಪ್ಪ ಅಮ್ಮ ಇಟ್ಟವು. ಇವನ ಜಾಗದಲ್ಲಿ ಆಫ್ರಿಕಾ ಎಂದು ಬರೆದಿದ್ದರು.

ಆ ಫೋಟೋದ ಒಂದೊಂದು ಪ್ರತಿ ಎಲ್ಲ ಮಕ್ಕಳ ಮನೆಗೂ ಹೋಗಿತ್ತು. ಅವನ ಮನೆಗೂ ಹೋಗಿತ್ತು. ಅವನ ತಾಯಿ ಅದನ್ನು ಓದಿರಬೇಕು. ಮೇಷ್ಟ್ರಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಗುಮಾಸ್ತ ಹೆಸರು ಸಿಕ್ಕಿತೇ ಎಂದು ಕೇಳಿದ್ದಕ್ಕೆ ತಲೆ ತಗ್ಗಿಸಿಕೊಂಡು ಹೊರಗೆ ಬಂದರು.

ಮನೆಗೆ ಬಂದು ಹೆಂಡತಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. “ಹೆಸರೇ ಗೊತ್ತಿಲ್ಲದೆ ಅವನ ಮನೆಯಲ್ಲಿ ಉಂಡು ಬರೋಕೆ ಹೊರಟಿದ್ವಾ?” ಎಂದಷ್ಟೇ ಕೇಳಿ, ಸೂಟ್‌ಕೇಸಿನ ಪಕ್ಕ ಕೂತಳು. ಅವನಿಗೆ ಫೋನ್ ಮಾಡದೆ ಬೇರೆ ದಾರಿ ಇರಲಿಲ್ಲ.

ಆ ಕಡೆ ಕಬ್ಬಿಣ ಬಡಿಯುವ ಸದ್ದು ಕೇಳುತ್ತಿತ್ತು. ಅವನು ಸ್ವಲ್ಪ ದೂರ ಬಂದು ಮಾತಾಡಿದ. ಮೇಷ್ಟ್ರು ಫಾರಂ ವಿಷಯ ಹೇಳಿ, “ನಿನ್ನ ಹೆಸರು ನನಗೆ ಗೊತ್ತಿಲ್ಲ ಕಣೋ. ಯಾವತ್ತೂ ಗೊತ್ತಿರಲಿಲ್ಲ” ಎಂದರು.

ಪೆನ್ನು ಕೈಯಲ್ಲಿದೆಯಾ ಎಂದು ಅವನು ಕೇಳಿದ. ಆಮೇಲೆ ತನ್ನ ಹೆಸರು ಹೇಳಿದ, ತಂದೆಯ ಹೆಸರು ಹೇಳಿದ, ಒಂದೊಂದೇ ಅಕ್ಷರ ಬಿಡಿಸಿ ಬರೆಸಿದ. ಒಳ್ಳೆಯ ಹೆಸರು. ಯಾರೋ ಯೋಚನೆ ಮಾಡಿ, ಆಸೆಪಟ್ಟು ಇಟ್ಟ ಹೆಸರು.

“ಮತ್ತೆ ನೀನೇ ಮೊನ್ನೆ ಫೋನಿನಲ್ಲಿ ಆ ಹೆಸರು ಹೇಳಿದೆಯಲ್ಲಪ್ಪ?” ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು.

“ಬೇರೆ ಹೆಸರು ಹೇಳಿದ್ರೆ ನಿಮಗೆ ಗುರುತು ಸಿಗ್ತಿತ್ತಾ ಮೇಷ್ಟ್ರೇ?”

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಅವನೇ ಮುಂದುವರಿಸಿದ. ನೀವು ಪಾಠ ಚೆನ್ನಾಗಿ ಮಾಡ್ತಿದ್ರಿ, ಅದೂ ನಿಜ, ಸಮುದ್ರದ ಮೇಲೆ ಆಸೆ ಹುಟ್ಟಿದ್ದು ನಿಮ್ಮ ಪಾಠದಿಂದಲೇ, ಅದಕ್ಕೇ ಕರೆದೆ ಎಂದ. ಆಮೇಲೆ ದನಿ ತಗ್ಗಿಸಿದ.

“ಒಂದೇ ಒಂದು ಕೇಳ್ಕೋತೀನಿ. ನನ್ನ ಮಗಳ ಮುಂದೆ ಆ ಹೆಸರು ಬೇಡ. ಅವಳು ಇದೇ ಮಣ್ಣಲ್ಲಿ ಹುಟ್ಟಿದವಳು. ಅಪ್ಪನ್ನ ನೋಡಿ ನಗೋಕೆ ನಮ್ಮ ನಾಡಿನ ಹೆಸರು ಯಾಕೆ ಬೇಕಾಯ್ತು ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ.”

ಮೇಷ್ಟ್ರು ತಪ್ಪಾಯಿತು ಎಂದರು. ಇನ್ನೊಂದು ಸಲವೂ ಅಂದರು. ಇನ್ನು ತಮ್ಮ ಬಾಯಲ್ಲಿ ಆ ಮಾತು ಬರುವುದಿಲ್ಲ ಎಂದು ಆಣೆ ಮಾಡಿ ಹೇಳಿದರು. ಆಗಲಿ ಬಿಡಿ, ಅಮ್ಮನಿಗೆ ಮಂಡಿಪಟ್ಟಿ ಮರೆಯದೆ ತರೋಕೆ ಹೇಳಿ ಎಂದು ಅವನು ಮಾತು ತಿರುಗಿಸಿದ. ಮೇಷ್ಟ್ರ ಎದೆ ಹಗುರಾಯಿತು, ಉಸಿರು ಸಲೀಸಾಯಿತು.

“ಸರಿ ಹಾಗಾದ್ರೆ, ಫೋನ್ ಇಡ್ಲಾ ಆಫ್ರಿಕಾ?” ಎಂದುಬಿಟ್ಟರು.

ಹೆಂಡತಿ ಸೂಟ್‌ಕೇಸಿನ ಮೇಲಿಟ್ಟ ಕೈಯನ್ನು ಹಾಗೇ ನಿಲ್ಲಿಸಿ ಗಂಡನ ಮುಖ ನೋಡಿದಳು. ಆ ಕಡೆ ಕಬ್ಬಿಣದ ಸದ್ದು ಮಾತ್ರ ಕೇಳುತ್ತಿತ್ತು. ಅವನು ಫೋನ್ ಇಟ್ಟುಬಿಟ್ಟಿದ್ದರೇ ಚೆನ್ನಾಗಿತ್ತು ಎಂದುಕೊಂಡರು ಮೇಷ್ಟ್ರು. ಅವನು ಇಟ್ಟಿರಲಿಲ್ಲ.

“ಹೊರಡೋಕೆ ಇನ್ನೂ ಆರು ವಾರ ಇದೆ ಮೇಷ್ಟ್ರೇ” ಎಂದ. “ಎಲ್ಲಿ, ನನ್ನ ಹೆಸರು ಒಂದ್ಸಲ ಹೇಳಿ.”

ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತರು. ಫಾರಂ ನೋಡಿಕೊಂಡು ಹೇಳಿದರು. ಎರಡನೇ ಅಕ್ಷರ ತಪ್ಪಿತು. ಅವನು ತಿದ್ದಿದ. ಮೇಷ್ಟ್ರು ಮತ್ತೆ ಹೇಳಿದರು.