ಪ್ರಾರ್ಥನೆಯ ಚೀಟಿಗೆ ಒಂದು ಚಿತ್ರ

ಗಡಿಯಾಚೆ ಫ್ರಾನ್ಸಿನಲ್ಲಿ ನಮ್ಮ ಊರಿಗೊಂದು ಜೋಡಿ ಊರಿದೆ. ಮಹಾಯುದ್ಧ ಮುಗಿದ ಮೇಲೆ ಹಿರಿಯರು ಬೆಳೆಸಿದ ನಂಟು ಅದು. ಅವರ ವಾದ್ಯದವರು ನಮ್ಮ ಹಬ್ಬಕ್ಕೆ ಬರುತ್ತಾರೆ, ನಮ್ಮ ಬಿಲ್ಲುಗಾರಿಕೆ ಸಂಘದವರು ಪಂದ್ಯಕ್ಕೆ ಅವರಲ್ಲಿಗೆ ಹೋಗುತ್ತಾರೆ. ಆ ಊರಿನ ಸಂತೆಯಲ್ಲಿ ಯಾರೋ ಬಾಂಬು ಸಿಡಿಸಿದರೆಂಬ ಸುದ್ದಿ ಬಂದಾಗ ನಾನು ಆಲೂಗಡ್ಡೆ ಸುಲಿಯುತ್ತಿದ್ದೆ. ರೇಡಿಯೊ ಆರಿಸಿ, ಸತ್ತವರಿಗಾಗಿ ಶಿಲುಬೆಯ ಗುರುತು ಮಾಡಿಕೊಂಡು, ಮತ್ತೆ ಸುಲಿಯತೊಡಗಿದೆ. ಇನ್ನು ನನಗೆ ಕರೆ ಬರುತ್ತದೆಂದು ಗೊತ್ತಿತ್ತು.

ನನ್ನ ಮಗಳು ಲಿವಿನಾ ಏಳು ವರ್ಷದ ಹಿಂದೆ ರಾಜಧಾನಿಯ ರೈಲು ನಿಲ್ದಾಣದಲ್ಲಿ ಅಂಥದೇ ಸ್ಫೋಟಕ್ಕೆ ಸಿಕ್ಕಿ ಸತ್ತಳು. ಅಂದಿನಿಂದ ಮಿತ್ರ ದೇಶಗಳಲ್ಲಿ ಎಲ್ಲೇ ಇಂಥದು ನಡೆದರೂ ನಮ್ಮ ಪುರಭವನದ ಬಾವುಟ ಅರ್ಧಕ್ಕೆ ಇಳಿಯುತ್ತದೆ, ನನಗೆ ಕರೆ ಬರುತ್ತದೆ. ಶೋಕಸಭೆಯಲ್ಲಿ ನಾನು ಮುಂದಿನ ಸಾಲಿನಲ್ಲಿ ನಿಲ್ಲುತ್ತೇನೆ. ನನ್ನ ಪಕ್ಕದಲ್ಲಿ ಆಳೆತ್ತರದ ಚಿತ್ರವಾಗಿ ಲಿವಿನಾ ನಿಲ್ಲುತ್ತಾಳೆ. ಇದು ದೇವರು ಹೊರಿಸಿದ ಶಿಲುಬೆ ಎಂದು ಪಾದ್ರಿಗಳು ಹೇಳಿದರು. ಹೊತ್ತೆ.

ನಮ್ಮಲ್ಲಿ ಯಾರಾದರೂ ಸತ್ತರೆ ಚರ್ಚಿನ ಪೂಜೆಗೆ ಬಂದವರಿಗೆಲ್ಲ ಒಂದು ಪುಟ್ಟ ಚೀಟಿ ಕೊಡುತ್ತಾರೆ. ಒಂದು ಮಗ್ಗುಲಲ್ಲಿ ಸತ್ತವರ ಚಿತ್ರ, ಇನ್ನೊಂದರಲ್ಲಿ ಹೆಸರು ಮತ್ತು ಪ್ರಾರ್ಥನೆ. ಅದನ್ನು ಪ್ರಾರ್ಥನಾ ಪುಸ್ತಕದೊಳಗೆ ಇಟ್ಟುಕೊಂಡು ಆ ಆತ್ಮಕ್ಕಾಗಿ ಬೇಡುವುದು ವಾಡಿಕೆ. ಲಿವಿನಾಳ ಚೀಟಿಗೆ ನಾನು ಅತ್ಯಂತ ಮುದ್ದಿನ ಚಿತ್ರವನ್ನೇ ಕೊಟ್ಟೆ. ಕಡಲ ದಂಡೆಯಲ್ಲಿ, ಗಾಳಿಗೆ ಕೂದಲು ಹಾರುತ್ತ, ಏನನ್ನೋ ಹೇಳಹೊರಟಂತೆ ಬಾಯಿ ತೆರೆದ ಚಿತ್ರ. ಪುರಭವನದವರು ಅದನ್ನೇ ದೊಡ್ಡದು ಮಾಡಿಸಿದರು. ಪತ್ರಿಕೆಯವರೂ ಅದನ್ನೇ ಹಾಕಿದರು. ಈಗ ಜಪಮಾಲೆ ಹಿಡಿದು ಕಣ್ಣು ಮುಚ್ಚಿದರೆ ಆ ಚಿತ್ರವೊಂದೇ ಬರುತ್ತದೆ. ಅವಳು ಮುನಿಸಿಕೊಂಡಾಗ ಹೇಗಿದ್ದಳು, ನಿದ್ದೆಯಲ್ಲಿ ಹೇಗಿದ್ದಳು ಎಂದು ಎಷ್ಟು ತಡಕಿದರೂ ಸಿಗುವುದಿಲ್ಲ. ಇನ್ನೊಂದು ಸಲ ಅದರ ಪಕ್ಕ ನಿಂತರೆ ಉಳಿದ ಚೂರುಪಾರೂ ಹೋದೀತೆಂಬ ಹೆದರಿಕೆ ನನಗೆ. ಈ ಸಲ ನಿಲ್ಲಬಾರದೆಂದು ನಿಶ್ಚಯಿಸಿದ್ದೆ.

ಮರುದಿನ ವಾನೆಸ್ ಬಂದ. ಅವನು ನನ್ನ ಅಕ್ಕನ ಮಗ, ಪುರಭವನದಲ್ಲಿ ಕೆಲಸ. ಆಗುವುದಿಲ್ಲವೆಂದೆ.

"ಚಿಕ್ಕಮ್ಮ, ನೀವು ಬರ್ದೇ ಇದ್ರೆ ಮೇಯರು ಬಾವುಟದ ಬದಲು ನನ್ನನ್ನೇ ಅರ್ಧ ಕಂಬಕ್ಕೆ ಏರಿಸ್ತಾರೆ" ಎಂದ.

"ಏರಿಸ್ಲಿ ಬಿಡು. ಗಾಳಿ ಚೆನ್ನಾಗಿರುತ್ತೆ."

ಅವನು ನಗಲಿಲ್ಲ. ಜೋಡಿ ಊರಿನಿಂದ ಸತ್ತವರ ಮನೆಯವರು ಬಸ್ಸಿನಲ್ಲಿ ಬರುತ್ತಾರೆಂದೂ, ಸತ್ತವರ ಹೆಸರಿನಲ್ಲಿ ನಮ್ಮ ಊರೇ ಪ್ರಾರ್ಥನೆಯ ಚೀಟಿ ಅಚ್ಚು ಮಾಡಿಸುತ್ತದೆಂದೂ ಹೇಳಿದ. ಮನೆಯವರಿಂದ ಚಿತ್ರಗಳನ್ನು ಇಸಿದುಕೊಳ್ಳಲು ಯಾರಿಗೂ ಧೈರ್ಯವಿಲ್ಲ, ಅಷ್ಟನ್ನಾದರೂ ನೀವು ಮಾಡಿ ಎಂದು ಬೇಡಿದ. ಅಷ್ಟು ಮಾಡುತ್ತೇನೆ, ನಿಲ್ಲುವುದಿಲ್ಲ ಎಂದೆ.

ಅವರ ಬಸ್ಸು ಬಂದ ದಿನ ಚರ್ಚಿನ ಪಕ್ಕದ ಕೋಣೆಯಲ್ಲಿ ಕಾಫಿ ಮತ್ತು ಬನ್ನು ಇಟ್ಟಿದ್ದರು. ಯಾರೂ ಮುಟ್ಟಿರಲಿಲ್ಲ. ಗಡಿಯ ಊರಿನವಳಾದ್ದರಿಂದ ನನಗೆ ಫ್ರೆಂಚ್ ಬರುತ್ತದೆ. ಒಬ್ಬೊಬ್ಬರ ಎದುರು ಕುಳಿತು ಚಿತ್ರ ಇಸಿದುಕೊಂಡೆ. ಕೊನೆಗೆ ಬಂದವನು ಗಾಸ್ಪಾರ್ ಎಂಬ ಲಾರಿ ಚಾಲಕ, ಮಗಳು ಕ್ಲೆಮಾನ್ಸಳನ್ನು ಕಳೆದುಕೊಂಡವನು. ಎರಡು ಚಿತ್ರ ತಂದಿದ್ದ. ಒಂದರಲ್ಲಿ ಹುಡುಗಿ ಅಡುಗೆಮನೆಯಲ್ಲಿ ಸೌಟು ಹಿಡಿದು, ಕಣ್ಣು ಮುಚ್ಚಿ ನಗುತ್ತಿದ್ದಳು. ಇನ್ನೊಂದು ಈಜುಕೊಳದ ಪಾಸಿನದು. ಒದ್ದೆ ಕೂದಲು, ಗಂಟು ಮುಖ.

ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ ವಾನೆಸ್ ನಗುವ ಚಿತ್ರವನ್ನು ತೋರಿಸಿ, ಇದನ್ನು ಕಂಡರೆ ಕಲ್ಲೂ ಕರಗುತ್ತದೆ ಎಂದ. ಗಾಸ್ಪಾರ್ ನನ್ನನ್ನೇ ನೋಡುತ್ತಿದ್ದ. ನನ್ನ ಮಗಳ ವಿಷಯ ಯಾರೋ ಅವನಿಗೆ ಹೇಳಿದ್ದರು.

"ಅಮ್ಮಾ, ನೀವು ಯಾವುದನ್ನ ಕೊಟ್ರಿ?"

"ಒಳ್ಳೇದನ್ನ."

"ಈಗ?"

"ಈಗ ಅದು ಊರಿನದು. ನನ್ನ ಹತ್ರ ಏನೂ ಉಳಿದಿಲ್ಲಪ್ಪ. ನೀನು ನಿಂಗೆ ಅಷ್ಟು ಪ್ರೀತಿ ಇಲ್ಲದ್ದನ್ನ ಕೊಡು. ಇನ್ನೊಂದನ್ನ ಯಾರಿಗೂ ತೋರಿಸ್ಬೇಡ. ನೀನೂ ದಿನಾ ನೋಡ್ಬೇಡ."

ವಾನೆಸ್ ನಮ್ಮ ಭಾಷೆಯಲ್ಲಿ ಗೊಣಗಿದ. ಫ್ರಾನ್ಸಿನ ಜೊತೆ ನಿಲ್ಲುತ್ತೇವೆಂದು ಊರೆಲ್ಲ ಸೇರುವಾಗ ಸಿಟ್ಟಾಗಿರುವ ಹುಡುಗಿಯನ್ನು ತೋರಿಸುವುದೇ ಎಂದು ಕೇಳಿದ.

"ಸಿಟ್ಟಾಗೋಕೆ ಅವಳಿಗೆ ಕಾರಣ ಇದೆಯಲ್ಲೋ" ಎಂದೆ.

ಗಾಸ್ಪಾರ್ ಬಹಳ ಹೊತ್ತು ಎರಡನ್ನೂ ಹಿಡಿದುಕೊಂಡೇ ಇದ್ದ. ಆಮೇಲೆ ಪಾಸಿನ ಚಿತ್ರವನ್ನು ಮೇಜಿನ ಮೇಲಿಟ್ಟು, ಇನ್ನೊಂದನ್ನು ಅಂಗಿಯ ಕಿಸೆಗೆ ಹಾಕಿ ಗುಂಡಿ ಹಾಕಿಕೊಂಡ.

ಭಾನುವಾರ ಚರ್ಚಿನಲ್ಲಿ ಎರಡು ದೇಶಗಳ ಬಾವುಟ ಕಟ್ಟಿದ್ದರು. ನಮ್ಮ ವಾದ್ಯದವರು ಫ್ರಾನ್ಸಿನ ರಾಷ್ಟ್ರಗೀತೆಯನ್ನು ತಪ್ಪಬಾರದೆಂದು ಬಹಳ ನಿಧಾನವಾಗಿ ನುಡಿಸಿದರು. ನಿಮ್ಮ ದುಃಖ ನಮ್ಮದೂ ಹೌದು ಎಂದು ಮೇಯರು ಹೇಳಿದರು. ಸುಳ್ಳು ಹೇಳಿದರೆಂದು ನನಗೆ ಅನಿಸಲಿಲ್ಲ. ನಾನು ಹಿಂದಿನ ಬೆಂಚಿನಲ್ಲಿದ್ದೆ. ಲಿವಿನಾಳ ಚಿತ್ರ ಮಾತ್ರ ನನ್ನನ್ನು ಕೇಳದೆಯೇ ಮುಂದೆ ಬಂದು ನಿಂತಿತ್ತು. ನನ್ನ ಪಕ್ಕದ ಮುದುಕಿ ಕ್ಲೆಮಾನ್ಸಳ ಚೀಟಿ ನೋಡಿ, ಹುಡುಗಿ ಸಿಡುಕಿಯಾಗಿದ್ದ ಹಾಗಿದೆ ಎಂದು ಪಿಸುಗುಟ್ಟಿ, ಅದನ್ನು ಪುಸ್ತಕದೊಳಗಿಟ್ಟು ಪ್ರಾರ್ಥಿಸತೊಡಗಿದಳು. ಪ್ರಾರ್ಥನೆಗೆ ಅಷ್ಟು ಚಿತ್ರ ಸಾಕಾಗಿತ್ತು. ಮುಂದೆ ಗಾಸ್ಪಾರ್ ಮೈಯೆಲ್ಲ ಅಲುಗುವಂತೆ ಅಳುತ್ತಿದ್ದ. ಅವನ ಭಾಷೆ ಸರಿಯಾಗಿ ಬಾರದ ನಮ್ಮ ಊರಿನ ಇಬ್ಬರು ಅವನನ್ನು ಎರಡೂ ಕಡೆಯಿಂದ ಹಿಡಿದುಕೊಂಡಿದ್ದರು. ಹೀಗೆ ಹಿಡಿದುಕೊಳ್ಳುವವರೂ ಬೇಕು. ಅದನ್ನು ನಾನು ಹಳಿಯಲಾರೆ.

ಎಲ್ಲ ಮುಗಿದ ಮೇಲೆ, ಲಿವಿನಾಳ ಚಿತ್ರವನ್ನು ಇನ್ನು ಪುರಭವನಕ್ಕೆ ಕೊಡುವುದಿಲ್ಲ ಎಂದು ವಾನೆಸನಿಗೆ ಹೇಳಿದೆ. ಊರಿನವರು ಏನಂದಾರು, ಮುಂದಿನ ಸಲಕ್ಕೆ ಏನು ಮಾಡಲಿ ಎಂದು ಸ್ವಲ್ಪ ಹೊತ್ತು ವಾದಿಸಿದ. ಮುಂದಿನ ಸಲ ಎಂಬ ಮಾತು ತನ್ನ ಬಾಯಿಂದಲೇ ಬಂದದ್ದಕ್ಕೆ ಅವನಿಗೇ ಬೇಸರವಾಯಿತೇನೋ. ವಾದ ಬಿಟ್ಟು ಚಿತ್ರದ ಒಂದು ತುದಿ ಹಿಡಿದ. ನಾನು ಇನ್ನೊಂದು ತುದಿ ಹಿಡಿದೆ. ದಾರಿಯಲ್ಲಿ ಎರಡು ಸಲ ಕೆಳಗಿಟ್ಟು ಸುಧಾರಿಸಿಕೊಂಡೆವು.

ಮನೆಯಲ್ಲಿ ಎಲ್ಲಿ ನಿಲ್ಲಿಸಲಿ ಎಂದು ಕೇಳಿದ. ಕಪಾಟಿನ ಹಿಂದೆ, ಮುಖ ಗೋಡೆಯ ಕಡೆಗೆ ಇರಲಿ ಎಂದೆ.

"ಪಾಪ ಅನ್ಸೋದಿಲ್ವಾ ಚಿಕ್ಕಮ್ಮ?"

"ಏಳು ವರ್ಷದಿಂದ ನಿಂತೇ ಇದಾಳೆ ಕಣೋ. ಇನ್ನಾದ್ರೂ ಸ್ವಲ್ಪ ವಿರಾಮ ಸಿಗ್ಲಿ."

ಅವನು ಹೋದ ಮೇಲೆ ಜಪಮಾಲೆ ತೆಗೆದುಕೊಂಡು ಕುಳಿತೆ. ಕಣ್ಣು ಮುಚ್ಚಿದರೆ ಮತ್ತೆ ಅದೇ ಕಡಲು, ಅದೇ ಗಾಳಿ. ಇರಲಿ, ಅವಸರವೇನೂ ಇಲ್ಲ ಎಂದುಕೊಂಡು ಮೊದಲ ಮಣಿ ಹಿಡಿದೆ.