ಏಳು ಮನೆಯ ಒಲೆಗುಂಡು

ಹುಣಸೆಕೊಪ್ಪದಲ್ಲಿ ಜನವಿಲ್ಲ ಎಂದವನ ಬಾಯಿಗೆ ಮಣ್ಣು ಬೀಳ! ನಾನೇನು ಜನವಲ್ಲವೇ? ಗಟ್ಟಿಮುಟ್ಟಾಗಿ ಜಗಲಿಯ ಮೇಲೆ ಕೂತಿರುವ ಹೆಂಗಸು ಕಣ್ಣಿಗೆ ಕಾಣಲಿಲ್ಲವೆಂದರೆ ಆ ಕಣ್ಣು ಎಂಥದ್ದು?

ಆ ಮಾತನ್ನು ನನ್ನ ಬಾಗಿಲಿಗೆ ತಂದವರು ವೆಂಕಟಾಚಲ ಮೇಷ್ಟ್ರು, ಪಾಪ. ಶಿವಮೊಗ್ಗದ ಶಾಲೆಯವರು. ಸರ್ಕಾರ ಜನ ಎಣಿಸುವ ಖಾನೇಸುಮಾರಿಗೆಂದು ಅವರನ್ನು ನಮ್ಮ ಕಡೆ ಅಟ್ಟಿತ್ತು. ಕೆಮ್ಮಣ್ಣಿನ ಡಬ್ಬಿ ಹಿಡಿದು, ಗೋಡೆಗಳ ಮೇಲೆ ನಂಬರು ಬರೆಯುತ್ತ ಆರು ಮನೆ ಸುತ್ತಿ, ಏಳನೆಯದರಲ್ಲಿ ನನ್ನನ್ನು ಕಂಡು ಉಸ್ಸಪ್ಪಾ ಎಂದು ಕೂತರು.

"ಎಲ್ಲಾ ಮನೆ ಮಾಡಿನ ಮೇಲೂ ಹೊಗೆ ಆಡ್ತಿದೆ. ಒಳಗೆ ನೋಡಿದ್ರೆ ಒಂದು ನರಪಿಳ್ಳೆ ಇಲ್ಲ. ಏನಮ್ಮ ಇದು?"

"ಹೊಗೆ ನಾನೇ ಹಾಕೋದು ಮೇಷ್ಟ್ರೇ."

ಮೂರು ಮಳೆಗಾಲದ ಹಿಂದೆ ಚಳಿಜ್ವರ ನಮ್ಮೂರನ್ನು ಗುಡಿಸಿತು. ನನ್ನ ಗಂಡನೂ ಅದರಲ್ಲೇ ಹೋದ. ಉಳಿದವರು ಹೆದರಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸೇರಿದರು. ನಾನು ಹೋಗಲಿಲ್ಲ. ಜ್ವರಕ್ಕೆ ಹೆದರಿ ಊರು ಬಿಡುವ ಜಾಯಮಾನ ನನ್ನದಲ್ಲ. ಹೋಗುವಾಗ ಒಬ್ಬೊಬ್ಬರೂ ಕೈಹಿಡಿದು ಹೇಳಿದ್ದು ಒಂದೇ ಮಾತು: "ಒಲೆ ಆರದ ಹಾಗೆ ನೋಡ್ಕೋ." ಅಂದಿನಿಂದ ದಿನಾ ಸಂಜೆ ಒಡೆದ ಮಡಕೆಯ ಓಡಿನಲ್ಲಿ ಕೆಂಡ ಹಿಡಿದು ಮನೆ ಮನೆಗೂ ಹೋಗಿ ಒಲೆ ಹೊತ್ತಿಸುತ್ತಿದ್ದೆ. ಹೊಗೆ ಆಡುತ್ತಿದ್ದರೆ ಹುಲ್ಲಿನ ಮಾಡಿಗೆ ಹುಳ ಹತ್ತದು, ಮನೆ ಬೀಳದು.

ಮೇಷ್ಟ್ರು ತಲೆ ಕೆರೆದುಕೊಂಡರು. "ನಮ್ಮ ಹೋಬಳಿ ಕಂದಾಯ ನೋಡೋ ಶೇಕ್ದಾರರು ಈ ಊರನ್ನ ಬೇಚರಾಕ್ ಅಂತ ಬರೀರಿ ಅಂದಿದ್ದಾರೆ. ಜನ ಇಲ್ಲದ ಊರು ಅಂತ. ಆಮೇಲೆ ಇಲ್ಲಿನ ಗೋಮಾಳ, ಕಾಡು ಎಲ್ಲ ಇದ್ದಿಲು ಸುಡೋ ಕಂತ್ರಾಟುದಾರನಿಗೆ. ನಿಮ್ಮನ್ನೂ ಎಬ್ಬಿಸ್ತಾರೆ. ಒಬ್ಬರಿಗೋಸ್ಕರ ಊರು ಉಳಿಸಲ್ಲ ತಾಯಿ."

"ಜನ ಇದ್ರೆ?"

"ಗಣತಿ ದಿನ ಯಾರು ಎಲ್ಲಿ ಉಂಡು ಮಲಗ್ತಾರೋ ಅಲ್ಲೇ ಅವರ ಲೆಕ್ಕ. ಇದ್ರೆ ಬರೀಲೇಬೇಕು."

ಭದ್ರಾವತಿಗೆ ಹೇಳಿ ಕಳಿಸಿದೆ. ರಜೆಯಿಲ್ಲ, ಮಗುವಿಗೆ ನೆಗಡಿ, ಮುಂದಿನ ಹುಣ್ಣಿಮೆಗೆ ನೋಡೋಣ ಎಂಬ ಉತ್ತರಗಳು ಬಂದವು. ಮೈಯೆಲ್ಲ ಉರಿದುಹೋಯಿತು. ಹಾರೆ ತೆಗೆದುಕೊಂಡೆ.

ನಮ್ಮಲ್ಲಿ ಒಲೆಯ ಮೂರು ಗುಂಡು ಕೀಳುವುದು ಆ ಮನೆತನ ಮುಗಿದಾಗ ಮಾತ್ರ. ಕಿತ್ತು ಹೊಳೆಗೆ ಹಾಕಿ ತಲೆಗೆ ಸ್ನಾನ ಮಾಡಿಕೊಂಡು ಬರುತ್ತಾರೆ. ಬದುಕಿರುವವರ ಗುಂಡು ಕೀಳುವುದೆಂದರೆ ಅವರ ಬಾಯಿಗೆ ಅಕ್ಕಿ ಹಾಕಿದ ಹಾಗೆಯೇ. ನನಗೆ ಗೊತ್ತಿತ್ತು. ಆದರೂ ಆರು ಮನೆಯ ಗುಂಡು ಕಿತ್ತು, ಬಿಸಿ ಆರುವ ಮೊದಲೇ ಹಸಿಹುಲ್ಲು ಹಾಸಿ ಗಾಡಿಗೆ ಹೇರಿದೆ.

ಭದ್ರಾವತಿಯಲ್ಲಿ, ಮೈದುನ ಕರಿಯಪ್ಪನಿಗೆ ಕಾರ್ಖಾನೆ ಕೊಟ್ಟ ಲೈನ್ ಮನೆಯ ಮುಂದೆ ಗಾಡಿ ನಿಲ್ಲಿಸಿ ಮೂರು ಗುಂಡನ್ನೂ ಹೊಸಿಲ ಮೇಲೆ ಇಟ್ಟೆ. ಮಸಿ ಹಿಡಿದ ಕಲ್ಲು ನೋಡಿದ್ದೇ ಅವನ ಹೆಂಡತಿ ಕಾಳಮ್ಮ ಕಿಟಾರನೆ ಕಿರುಚಿದಳು. ಉಳಿದ ಐದು ಮನೆಯವರೂ ಓಡಿ ಬಂದರು. ಪಕ್ಕದ ಸಾಲಿನ ತಮಿಳು ಹೆಂಗಸರು ಯಾರೋ ಸತ್ತರೆಂದು ಬಂದು ನಿಂತರು.

"ಏನತ್ತಿಗೆ ಇದು! ಗುಂಡು ಕಿತ್ಬಿಟ್ಯಾ? ನಾವೇನು ಸತ್ತಿದ್ದೀವಾ?" ಎಂದ ಕರಿಯಪ್ಪ.

"ನಾನು ಅಂದಿಲ್ಲ ಮಾರಾಯ, ಸರ್ಕಾರ ಅಂತಿದೆ. ಹುಣಸೆಕೊಪ್ಪದಲ್ಲಿ ಯಾರೂ ಇಲ್ವಂತೆ. ಇಲ್ದೆ ಇರೋರ ಒಲೆಗೆ ನಾನ್ಯಾಕೆ ಬೆಂಕಿ ಹಾಕ್ಲಿ?"

"ನೀನೂ ಇಲ್ಲೇ ಬಂದು ಇರು. ನಲ್ಲಿ ನೀರಿದೆ, ಡಾಕ್ಟ್ರಿದ್ದಾರೆ. ಅಲ್ಲಿ ಏನಿದೆ ಮಣ್ಣು!"

"ಅಲ್ಲಿ ನಿಮ್ಮಣ್ಣ ಇದ್ದಾನೆ," ಎಂದೆ. "ಆ ಮಣ್ಣಲ್ಲೇ."

ಕರಿಯಪ್ಪ ತಲೆ ತಗ್ಗಿಸಿದ. ನನ್ನ ಕೋಪ ಇಳಿಯಲಿಲ್ಲ. "ನಾಡಿದ್ದು ಖಾನೇಸುಮಾರಿ. ಬಂದು ನಿಮ್ಮ ಗುಂಡು ನೀವು ಹೂಡ್ಕೊಳ್ಳಿ, ಇಲ್ಲಾ ಇಲ್ಲೇ ಭದ್ರಾ ಹೊಳೆಗೆ ಹಾಕಿ. ಎರಡರಲ್ಲಿ ಒಂದು ಮಾಡಿ. ನನ್ನ ಕೈಲಿ ಇನ್ನಾಗಲ್ಲ." ಯಾರೂ ಕಲ್ಲು ಮುಟ್ಟಲಿಲ್ಲ. ಕೊನೆಗೆ ಕಾಳಮ್ಮ ಬಗ್ಗಿ ಒಂದನ್ನು ಸೆರಗಿಗೆ ಹಾಕಿಕೊಂಡಳು.

ಬಂದರು. ಎಲ್ಲರೂ ಬಂದರು! ಬೈಯುತ್ತ ಬಂದರು, ಅದೂ ನನ್ನನ್ನೇ. ಬೈಯಲಿ, ಬೈಯುವುದಕ್ಕಾದರೂ ಊರಲ್ಲಿ ಬಾಯಿ ಬೇಕಲ್ಲ. ತಂತಮ್ಮ ಗುಂಡು ಹೂಡಿ, ಅರಿಶಿನ ಹಚ್ಚಿ, ಹಾಲು ಉಕ್ಕಿಸಿ ಅನ್ನಕ್ಕಿಟ್ಟರು. ಸಂಜೆ ಮೇಷ್ಟ್ರ ಜೊತೆ ಶೇಕ್ದಾರರೂ ಬಂದರು. ಊರ ಬಾಗಿಲಲ್ಲೇ ಕುದುರೆ ನಿಂತಿತು.

"ಇದೆಲ್ಲ ನಾಟಕ," ಎಂದರು. "ನಾಳೆ ಬೆಳಗಾದರೆ ಇವರೆಲ್ಲ ಭದ್ರಾವತಿಗೆ ಹೊರಡ್ತಾರೆ. ಬರೀಬೇಡಿ ಮೇಷ್ಟ್ರೇ."

ನಾನು ಕುದುರೆಯ ಮುಂದೆ ಹೋಗಿ ನಿಂತೆ. "ಸ್ವಾಮಿ, ಭದ್ರಾವತಿಗೆ ನಿನ್ನೆ ಸೇಲಂನಿಂದ ಬಂದಿಳಿದವನನ್ನ ಇವತ್ತು ಅಲ್ಲಿ ಎಣಿಸ್ತೀರೋ ಇಲ್ವೋ? ನಾಳೆ ಎಲ್ಲಿಗೆ ಹೋಗ್ತೀಯ ಅಂತ ಅವನನ್ನ ಕೇಳ್ತೀರಾ? ಮತ್ತೆ ಹುಟ್ಟಿದ ಮನೇಲಿ ಉಣ್ಣೋರನ್ನ ಯಾಕೆ ಕೇಳ್ತೀರಿ? ಬನ್ನಿ, ಒಲೆ ಮುಟ್ಟಿ ನೋಡಿ. ಬಿಸಿ ಇಲ್ದಿದ್ರೆ ನಾನೇ ಊರು ಬಿಡ್ತೀನಿ."

ಶೇಕ್ದಾರರು ಕುದುರೆಯಿಂದ ಇಳಿಯಲೇ ಇಲ್ಲ. ಇಳಿದಿದ್ದರೆ ಊಟ ಹಾಕುತ್ತಿದ್ದೆ. ಮೇಷ್ಟ್ರು ಮಾತ್ರ ಅವರ ಮುಖ ನೋಡದೆ ಮೊದಲ ಮನೆಗೆ ನುಗ್ಗಿದರು. ಏಳು ಮನೆಯನ್ನೂ ಬರೆದರು. ನನ್ನಲ್ಲಿಗೆ ಬಂದು, "ಕಸುಬು ಏನಂತ ಬರೀಲಮ್ಮ?" ಎಂದರು.

"ಬೆಂಕಿ ಕಾಯೋದು."

"ಅಂಥ ಕಸುಬು ಇಲ್ಲ."

"ಇಲ್ಲಿ ಇದೆ. ಬರೀರಿ."

ಬರೆದರು, ಮಹಾರಾಯರು.

ಶೇಕ್ದಾರರು ಹೇಳಿದ್ದೇನೂ ಸುಳ್ಳಲ್ಲ. ಬೆಳಿಗ್ಗೆ ಗಾಡಿ ಕಟ್ಟಿದರು. ಕಾರ್ಖಾನೆ ಯಾರಿಗೂ ಕಾಯುವುದಿಲ್ಲವಲ್ಲ. ಊರು ಉಳಿದಿತ್ತು, ಜನ ಉಳಿಯಲಿಲ್ಲ. ಮತ್ತೆ "ಒಲೆ ನೋಡ್ಕೋ" ಎಂದರು. ನನಗೆ ಅಳು ಬಂತು. ಯಾರಿಗೂ ಕಾಣದಿರಲೆಂದು ಹಿತ್ತಿಲಿಗೆ ಹೋಗಿ ಸೌದೆ ಒಡೆಯುತ್ತ ನಿಂತೆ. ಗಾಡಿಗಳ ಸದ್ದು ಅಡಗಿ ಎಷ್ಟೋ ಹೊತ್ತಾದ ಮೇಲೂ ಒಡೆಯುತ್ತಲೇ ಇದ್ದೆ.

ಸಂಜೆಯಾಯಿತು. ಎಂದಿನಂತೆ ಓಡಿಗೆ ಕೆಂಡ ತುಂಬಿಕೊಂಡು ಹೊರಟೆ. ಮೊದಲು ಕರಿಯಪ್ಪನ ಮನೆ. ಅಂಗಳಕ್ಕೆ ಕಾಲಿಡುವಾಗಲೇ ಮಾಡಿನಿಂದ ಹೊಗೆ ಏಳುತ್ತಿತ್ತು. ಒಳಗಿನಿಂದ ಒಗ್ಗರಣೆಯ ಘಾಟು ಬಂತು. ಕಾಳಮ್ಮ ಕೊಳವೆ ಹಿಡಿದು, ಕಣ್ಣು ಕೆಂಪು ಮಾಡಿಕೊಂಡು ಒಲೆ ಊದುತ್ತಿದ್ದಳು.

"ನೀನು ಹೋಗ್ಲಿಲ್ವೇನೇ?"

"ಗುಂಡು ಈಗಷ್ಟೇ ಹೂಡಿದ್ದೀನಲ್ಲ ಅಕ್ಕ, ಬಿಟ್ಟು ಹೋಗೋಕೆ ಮನಸ್ಸಾಗ್ಲಿಲ್ಲ. ಅವರು ಸಂಬಳ ತರಲಿ, ಬಂದು ಹೋಗಿ ಮಾಡಲಿ," ಎಂದವಳೇ ನನ್ನ ಕೈಯ ಓಡು ನೋಡಿ ಗದರಿದಳು. "ನನ್ನ ಒಲೆಗೆ ನಿನ್ನ ಕೆಂಡ ಯಾಕೆ? ಮುಂದಿನ ಮನೆಗೆ ನಡಿ!"

ಮುಂದಿನ ಮನೆಗೆ ನಡೆದೆ.